ಸೋಯಾಬೀನ್ ಹೊಲದಲ್ಲಿ ಹುಳ ಎಣಿಸುವುದು ಹೇಗೆ, ಎಣ್ಣೆ (ಕೀಟನಾಶಕ) ಹೊಡೆಯುವುದು ಯಾವಾಗ?

ಪ್ರಶ್ನೆ: ಸರ, ನಮಸ್ಕಾರ್ರಿ. ನಮ್ಮದು ಬೈಲಹೊಂಗಲ ತಾಲ್ಲೂಕು. ನಾಲ್ಕು ಎಕರೆ ಎರಿ ಹೊಲದಾಗ ಸೋಯಾಬೀನ್ ಐತ್ರಿ. ಬಿತ್ತಿ 45 ದಿನ ಆತು, ಹೂವು ಮುಗದು ಸಣ್ಣ ಕಾಯಿ ಕಾಣಾಕತ್ತಾವ. ಎಲಿ ತುಂಬ ತೂತ ಬಿದ್ದಾವ. ಮೀಟರಿಗೆ ನಾಲ್ಕು ಹುಳ ಇದ್ರ ಎಣ್ಣಿ ಹೊಡೀರಿ ಅಂತ ಹೇಳತಾರ. ನಾ ಎಣಿಸಿದ್ರ ಹತ್ತು ಸಿಗತಾವ, ನನ್ನ ಮಗ ಎಣಿಸಿದ್ರ ಒಂದೂ ಸಿಗೂದಿಲ್ಲ. ಹೊಲ ಒಂದ, ಲೆಕ್ಕ ಎರಡು ಹ್ಯಾಂಗ್ರಿ? ಅಂಗಡ್ಯಾಗ ಮೂರು ಔಷಧ ಕೂಡಿಸಿ ಹೊಡೀರಿ ಅಂತಾರ. ಬಾಜೂ ಹೊಲದವ ಆಗ್ಲೇ ಎರಡು ಸಲ ಹೊಡದಾನ. ಅವ ಹೊಡದ್ರ ಅಲ್ಲೀ ಹುಳ ನಮ್ಮ ಕಡೆ ಬರತಾವೇನ್ರಿ?

ಉತ್ತರ: ನಮಸ್ಕಾರ ಯಜಮಾನ್ರೆ. ನೀವೂ ಸುಳ್ಳು ಹೇಳುತ್ತಿಲ್ಲ, ಮಗನೂ ಸುಳ್ಳು ಹೇಳುತ್ತಿಲ್ಲ. ಆದರೆ ಎಲ್ಲಿ ನಿಂತು, ಎಷ್ಟು ಹೊತ್ತಿಗೆ, ಹೇಗೆ ಎಣಿಸಿದಿರಿ ಅಂತ ನೀವು ಬರೆದಿಲ್ಲ. ಅದು ಗೊತ್ತಾಗದೆ ನಿಮ್ಮ ಹತ್ತಕ್ಕೂ ಬೆಲೆ ಇಲ್ಲ, ಮಗನ ಸೊನ್ನೆಗೂ ಬೆಲೆ ಇಲ್ಲ. ನನ್ನ ಅಂದಾಜು ಹೀಗೆ: ನೀವು ಬೆಳಿಗ್ಗೆ ಹೊಲಕ್ಕೆ ಹೋಗಿ, ಬದುವಿನ ಹತ್ತಿರ ಎಲೆ ಜಾಸ್ತಿ ತಿಂದ ಕಡೆ ಬಗ್ಗಿ ನೋಡಿದ್ದೀರಿ. ಮಗ ಮಧ್ಯಾಹ್ನ ಊಟ ಮುಗಿಸಿ ಬಂದು ನಿಂತಲ್ಲೇ ಮೇಲಿನ ಎಲೆ ನೋಡಿದ್ದಾನೆ. ಇದು ನಿಜವಾದರೆ ಎರಡು ಲೆಕ್ಕ ಬರಲೇಬೇಕು.

ಮೊದಲು ಹುಳ ಯಾವುದು ಅಂತ ಗೊತ್ತು ಮಾಡಿಕೊಳ್ಳಿ. ಬೆಳಗಾವಿ ಕಡೆ ಈ ಹೊತ್ತಿಗೆ ಸೋಯಾಬೀನ್ ಎಲೆ ತಿನ್ನುವವು ಮುಖ್ಯವಾಗಿ ಎರಡು. ಒಂದು ಹಸಿರು ಕೊಂಡಲಿ ಹುಳ. ಬೆನ್ನು ಮೇಲಕ್ಕೆತ್ತಿ, ಗೇಣು ಹಾಕಿದ ಹಾಗೆ ನಡೆಯುತ್ತದೆ. ಮೈ ತಿಳಿ ಹಸಿರು, ಪಕ್ಕದಲ್ಲಿ ಸಣ್ಣ ಬಿಳಿ ಗೆರೆ. ಗಿಡ ಸ್ವಲ್ಪ ಅಲುಗಿದರೂ ಕೆಳಗೆ ಬೀಳುತ್ತದೆ. ಇನ್ನೊಂದು ಸ್ಪೊಡಾಪ್ಟೆರಾ, ತಂಬಾಕಿನ ಎಲೆ ತಿನ್ನುವ ಕೀಡೆ. ತಂಬಾಕು ಬೆಳೆಯುವ ನಿಪ್ಪಾಣಿ ಕಡೆಯವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಇದು ಬೂದು ಕಂದು ಮೈಯ ದಪ್ಪ ಹುಳ, ಮೈ ಮೇಲೆ ಕಪ್ಪು ಚುಕ್ಕೆಗಳಿರುತ್ತವೆ, ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುತ್ತದೆ.

ಎರಡೂ ಎಲೆ ತಿನ್ನುತ್ತವೆ, ಆದರೆ ಹೊಲದಲ್ಲಿ ಇರುವ ರೀತಿ ಬೇರೆ ಬೇರೆ. ಕೊಂಡಲಿಯ ಚಿಟ್ಟೆ ಮೊಟ್ಟೆಗಳನ್ನು ಒಂದೊಂದೇ ಬಿಡಿಬಿಡಿಯಾಗಿ ಇಡುತ್ತದೆ. ಹಾಗಾಗಿ ಹುಳ ಹೊಲದ ತುಂಬ ಹೆಚ್ಚುಕಡಿಮೆ ಸಮನಾಗಿ ಹರಡಿರುತ್ತದೆ. ಸ್ಪೊಡಾಪ್ಟೆರಾ ಹಾಗಲ್ಲ. ಒಂದೇ ಎಲೆಯ ಮೇಲೆ ನೂರಾರು ಮೊಟ್ಟೆಗಳ ಗುಂಪಿಟ್ಟು, ಮೇಲೆ ಕಂದು ಕೂದಲು ಮುಚ್ಚಿ ಹೋಗುತ್ತದೆ. ಒಡೆದ ಮರಿಗಳು ಅದೇ ಎಲೆಯಲ್ಲಿ ಗುಂಪಾಗಿ ಕೂತು ಹಸಿರು ಕೆರೆದು ತಿನ್ನುತ್ತವೆ. ಎಲೆ ಬಿಳಿ ಜಾಳಿಗೆಯಾಗುತ್ತದೆ. ನಡುಹೊಲದಲ್ಲಿ ಒಂದು ಗಿಡದಲ್ಲಿ ಇನ್ನೂರು ಮರಿ, ಅಕ್ಕಪಕ್ಕದ ಹತ್ತು ಮೀಟರ್‌ನಲ್ಲಿ ಒಂದೂ ಇಲ್ಲ, ಇದು ತೀರಾ ಮಾಮೂಲು. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕು. ಈ ಹುಳದ ಪಾತ್ರೆಯಲ್ಲಿ ಅರ್ಧ ಅನ್ನ ಬೆಂದಿರುತ್ತದೆ, ಅರ್ಧ ಅಕ್ಕಿಯೇ ಇರುತ್ತದೆ. ಒಂದು ಜಾಗ ನೋಡಿ ತೀರ್ಮಾನ ಮಾಡೋಕೆ ಆಗೋದಿಲ್ಲ.

ಈಗ ನಿಮ್ಮ 'ಮೀಟರಿಗೆ ನಾಲ್ಕು'. ಇದು ಮೀಟರ್ ಉದ್ದದ ಒಂದು ಸಾಲು, ಚದರ ಮೀಟರ್ ಅಲ್ಲ. ಒಂದೇ ಸಾಲಿನಲ್ಲಿ ಒಂದು ಮೀಟರ್ ಉದ್ದ ಅಳೆದು, ಅದರಲ್ಲಿರುವ ಗಿಡಗಳ ಮೇಲಿನ ಹುಳ ಎಣಿಸಬೇಕು. ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಇದ್ದರೆ ಸುಮಾರು ಹತ್ತು ಗಿಡ. ಕೂರಿಗೆ ಸಾಲು 30 ಸೆಂಟಿಮೀಟರ್ ಅಂತರದ್ದಾದರೆ ಎಕರೆಗೆ ಸುಮಾರು 13,500 ಮೀಟರ್ ಸಾಲು ಆಗುತ್ತದೆ. 45 ಸೆಂಟಿಮೀಟರ್ ಆದರೆ ಸುಮಾರು 9,000 ಮೀಟರ್. ಮೀಟರಿಗೆ ನಾಲ್ಕು ಅಂದರೆ ಮೊದಲನೇ ಹೊಲದಲ್ಲಿ ಎಕರೆಗೆ 54,000 ಹುಳ, ಎರಡನೆಯದರಲ್ಲಿ 36,000. ಹಾಗಾಗಿ ಸಾಲು ಅಗಲ ಇರುವವರ ಲೆಕ್ಕವನ್ನು ಹತ್ತಿರ ಸಾಲಿನವರು ಹಾಗೇ ಎತ್ತಿಕೊಳ್ಳಬಾರದು. ಎಕರೆಗೆ ಅರ್ಧ ಲಕ್ಷ ಹುಳ ಅಂದ ಕೂಡಲೇ ಎದೆ ಝಲ್ ಅನ್ನುತ್ತದೆ, ಅಲ್ವಾ? ಆದರೆ ಅದಕ್ಕಿಂತ ಕಡಿಮೆ ಇದ್ದಾಗ ಆ ಹುಳಗಳು ತಿನ್ನುವುದು ಗಿಡಕ್ಕೆ ಲೆಕ್ಕಕ್ಕೇ ಇಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಎಷ್ಟು ಹುಳ ಆದರೆ ಔಷಧ ಹೊಡೆಯಬೇಕು ಅನ್ನುವ ಲೆಕ್ಕಕ್ಕೆ ಗಡಿ ಅನ್ನೋಣ. ಕೊಂಡಲಿ ಹುಳಕ್ಕೆ ಹೂ ಶುರುವಾಗುವಾಗ ಮೀಟರ್ ಸಾಲಿಗೆ 4, ಕಾಯಿ ತುಂಬುವಾಗ 3 ಅಂತ ಶಿಫಾರಸು ಇದೆ. ಸ್ಪೊಡಾಪ್ಟೆರಾಕ್ಕೆ ಹೂವಿಗೆ ಮುಂಚೆ 10. ನಿಮ್ಮ ಬೆಳೆ ಹೂ ಮುಗಿಸಿ ಕಾಯಿ ಹಿಡಿಯುತ್ತಿದೆ. ಈಗ ನೀವು ಮೂರರ ಕಡೆ ವಾಲಬೇಕು, ನಾಲ್ಕರ ಕಡೆ ಅಲ್ಲ. ಹೂವಿಗೆ ಮುಂಚಿನ ಆ ಹತ್ತರ ಗಡಿ ಅಂತೂ ನಿಮ್ಮ ಹೊಲಕ್ಕೆ ಮುಗಿದ ಮಾತು.

ಎಣಿಸುವುದಕ್ಕೆ ದೊಡ್ಡ ಸಾಮಾನು ಬೇಡ. ಒಂದು ಬಿಳಿ ಬಟ್ಟೆ ಸಾಕು. ಹಳೇ ಪಂಚೆ ಹರಿದು ಒಂದು ಮೀಟರ್ ಉದ್ದ, ಎರಡು ಸಾಲಿನ ನಡುವೆ ಹಿಡಿಸುವಷ್ಟು ಅಗಲ ಮಾಡಿಕೊಳ್ಳಿ. ಎರಡೂ ಉದ್ದದ ಅಂಚಿಗೆ ಒಂದೊಂದು ಕಡ್ಡಿ ಹೊಲಿದರೆ ಬಟ್ಟೆ ಮುದುಡುವುದಿಲ್ಲ. ಗೊಬ್ಬರದ ಚೀಲ ಬಿಚ್ಚಿ ಬಿಳಿ ಮಗ್ಗುಲು ಮೇಲೆ ಮಾಡಿದರೂ ನಡೆಯುತ್ತದೆ. ಸಾಲಿನ ನಡುವೆ ಮೆಲ್ಲಗೆ ಸುರುಳಿ ಬಿಚ್ಚಿ ಹಾಸಿ. ಗಿಡಕ್ಕೆ ಮೈ ತಾಗಿಸಬೇಡಿ, ಕೊಂಡಲಿ ಹುಳ ಬಟ್ಟೆ ಹಾಸುವ ಮುಂಚೆಯೇ ಉದುರಿ ಮಣ್ಣಿಗೆ ಸೇರಿಬಿಡುತ್ತದೆ. ಆಮೇಲೆ ಒಂದು ಬದಿಯ ಸಾಲಿನ ಗಿಡಗಳನ್ನು ಎರಡೂ ಕೈಯಲ್ಲಿ ಬಳಸಿ ಹಿಡಿದು, ಬಟ್ಟೆ ಮೇಲೆ ಬಗ್ಗಿಸಿ, ಜೋರಾಗಿ ಹತ್ತು ಸಲ ಝಾಡಿಸಿ. ಗಿಡ ಬಿಟ್ಟು ಬಟ್ಟೆ ನೋಡಿ. ಮೊದಲು ಒಣ ಎಲೆ, ಹೂವಿನ ಪಕಳೆ, ಜೇಡ ಕಾಣುತ್ತವೆ. ಜೇಡ ಓಡಿ ಹೋಗುತ್ತದೆ. ಹಸಿರು ಕೊಂಡಲಿ ಒಂದು ಕ್ಷಣ ಕಡ್ಡಿಯ ಹಾಗೆ ನೆಟ್ಟಗೆ ನಿಂತು ಆಮೇಲೆ ನಡೆಯೋಕೆ ಶುರು ಮಾಡುತ್ತದೆ. ಅವಸರ ಮಾಡಿದರೆ ಅದನ್ನು ಎಲೆಯ ದಂಟು ಅಂದುಕೊಂಡು ಬಿಟ್ಟುಬಿಡುತ್ತೀರಿ. ಬಟ್ಟೆ ನೋಡಿಯಾದ ಮೇಲೆ ಗಿಡದ ಬುಡಕ್ಕೂ ಒಮ್ಮೆ ಕಣ್ಣು ಹಾಯಿಸಿ, ಬಟ್ಟೆಯ ಆಚೆ ಬಿದ್ದವನ್ನೂ ಸೇರಿಸಿ.

ಇಲ್ಲೊಂದು ಕಡೆ ತುಂಬಾ ಜನ ಎಡವುತ್ತಾರೆ. ಬಟ್ಟೆ ನಡುವೆ ಇರುತ್ತದೆ, ಎಡಗಡೆ ಸಾಲೂ ಬಲಗಡೆ ಸಾಲೂ ಎರಡನ್ನೂ ಅದರ ಮೇಲೇ ಝಾಡಿಸುತ್ತಾರೆ. ಅದು ತಪ್ಪಲ್ಲ. ಆದರೆ ಆಗ ನೀವು ನೋಡಿದ್ದು ಎರಡು ಮೀಟರ್ ಸಾಲು. ಸಿಕ್ಕ ಲೆಕ್ಕವನ್ನು ಎರಡರಿಂದ ಭಾಗಿಸಬೇಕು. ಭಾಗಿಸದೆ 'ಐದು ಸಿಕ್ಕವು' ಅಂತ ಅಂಗಡಿಗೆ ಓಡಿದರೆ ನಿಮ್ಮ ಹೊಲದಲ್ಲಿ ಇರುವುದು ಎರಡೂವರೆ.

ಬಲೆ ಬೀಸಿ ಹಿಡಿಯುವ ಇನ್ನೊಂದು ಪದ್ಧತಿಯೂ ಇದೆ. ಕೈಬಲೆ ಹಿಡಿದು ಸಾಲಿನ ಅಡ್ಡಕ್ಕೆ ಬೀಸುತ್ತಾ ನಡೆಯುವುದು. ಬೇಗ ಮುಗಿಯುತ್ತದೆ, ಹಾರುವ ಹುಳಕ್ಕೆ ಒಳ್ಳೆಯದು. ಆದರೆ ಅದರ ಲೆಕ್ಕ ಬಟ್ಟೆಯ ಲೆಕ್ಕಕ್ಕೆ ಹೊಂದುವುದಿಲ್ಲ. ಮೀಟರಿಗೆ ನಾಲ್ಕು ಅನ್ನುವ ಅಳತೆಗೆ ಬಟ್ಟೆಯನ್ನೇ ಬಳಸಿ.

ಎಲ್ಲಿ ಹಾಸಬೇಕು ಅನ್ನುವುದೇ ಇಡೀ ಕೆಲಸದ ಕಷ್ಟದ ಭಾಗ. ನಮ್ಮ ಕಣ್ಣು ಮೋಸ ಮಾಡುತ್ತದೆ. ಎಲೆ ತಿಂದ ಗಿಡ ಕಂಡರೆ ಕಾಲು ತಾನಾಗಿ ಅಲ್ಲಿಗೇ ಹೋಗುತ್ತದೆ. ಹೊಡೆಯಬಾರದು ಅಂತ ಮನಸ್ಸಿನಲ್ಲಿ ಇದ್ದರೆ ಚೆನ್ನಾಗಿರುವ ಕಡೆ ಹೋಗುತ್ತದೆ. ಅದಕ್ಕೆ ಹೊಲಕ್ಕೆ ಇಳಿಯುವ ಮುಂಚೆಯೇ ಹೆಜ್ಜೆ ಲೆಕ್ಕ ಗೊತ್ತು ಮಾಡಿ. ಬದುವಿನಿಂದ ಐದಾರು ಹೆಜ್ಜೆ ಬಿಟ್ಟು ಒಳಗೆ ಹೋಗಿ, ಅಲ್ಲಿಂದ ಮೂವತ್ತು ಹೆಜ್ಜೆ ಅಂತ ಇಟ್ಟುಕೊಳ್ಳಿ. ಮೂವತ್ತನೇ ಹೆಜ್ಜೆಗೆ ಬಲಗಾಲ ಹೆಬ್ಬೆರಳು ಯಾವ ಸಾಲಿಗೆ ಹತ್ತಿರವೋ ಅದೇ ಸಾಲು, ಅಲ್ಲೇ ಮೀಟರ್. ಗಿಡ ಸಾಧಾರಣವಾಗಿದೆ, ಒಂಚೂರು ಮುಂದೆ ಹೋಗೋಣ ಅನ್ನಬೇಡಿ. ನೇರ ಒಂದೇ ಸಾಲಿನಲ್ಲಿ ನಡೆಯದೆ ಹೊಲದ ಈ ಮೂಲೆಯಿಂದ ಆ ಮೂಲೆಗೆ ಅಡ್ಡಡ್ಡವಾಗಿ ಹೋಗಿ. ಎಕರೆಗೆ ಕಡಿಮೆ ಅಂದರೂ ಐದು ಕಡೆ ನೋಡಿ. ನಿಮ್ಮ ನಾಲ್ಕು ಎಕರೆಗೆ ಇಪ್ಪತ್ತು ಕಡೆ ಆಗುತ್ತದೆ. ಕೈ ಹಿಡಿತಕ್ಕೆ ಬಂದರೆ ಒಂದು ಜಾಗಕ್ಕೆ ಮೂರು ನಿಮಿಷ, ಒಟ್ಟು ಒಂದು ಗಂಟೆ ಕೆಲಸ. ನಾಲ್ಕು ಎಕರೆಯಲ್ಲಿ ಎರಡು ಬಿತ್ತನೆ ಇದ್ದರೆ, ಅಥವಾ ಒಂದು ಕಡೆ ಜೆಎಸ್ 335 ತಳಿ, ಇನ್ನೊಂದು ಕಡೆ ಡಿಎಸ್‌ಬಿ 21 ತಳಿ ಇದ್ದರೆ ಎರಡನ್ನೂ ಬೇರೆ ಹೊಲ ಅಂತಲೇ ತಿಳಿದು ಬೇರೆ ಲೆಕ್ಕ ಇಡಿ.

ಬದು ಬಿಡಿ ಅಂದದ್ದು ಯಾಕೆಂದರೆ ಅಲ್ಲಿ ಹುಲ್ಲು, ಕಳೆ ಎಲ್ಲ ಇರುತ್ತದೆ. ಸ್ಪೊಡಾಪ್ಟೆರಾಕ್ಕೆ ಸೋಯಾಬೀನ್ ಒಂದೇ ಬೇಕಂತೇನೂ ಇಲ್ಲ. ತಂಬಾಕು, ಹತ್ತಿ, ಶೇಂಗಾ, ಔಡಲ, ಎಲೆಕೋಸು ಎಲ್ಲವೂ ಆಗುತ್ತದೆ. ಬದುವಿನಲ್ಲಿ ಸಿಕ್ಕ ಹತ್ತು ಬದುವಿನ ಕಥೆ ಹೇಳುತ್ತದೆ, ಹೊಲದ್ದಲ್ಲ. ಅಂದ ಹಾಗೆ ಬದುಗುಂಟ ಔಡಲ ಹಾಕಿದ್ದರೆ ಅದನ್ನು ಬೇರೆಯಾಗಿ ನೋಡುತ್ತಿರಿ. ಚಿಟ್ಟೆ ಮೊದಲು ಅದರ ಅಗಲ ಎಲೆಗೆ ಮೊಟ್ಟೆ ಇಡುವುದು ಜಾಸ್ತಿ. ಮೊಟ್ಟೆ ಗುಂಪು ಕಂಡರೆ ಎಲೆ ಕಿತ್ತು ನಾಶ ಮಾಡಿ.

ಹೊತ್ತು ಕೂಡ ಮುಖ್ಯ. ಮಗನ ಸೊನ್ನೆಗೆ ಕಾರಣ ಇದೇ ಇರಬೇಕು. ಬಲಿತ ಸ್ಪೊಡಾಪ್ಟೆರಾ ರಾತ್ರಿ ತಿನ್ನುತ್ತದೆ. ಬಿಸಿಲೇರಿದರೆ ಗಿಡ ಇಳಿದು ಬುಡದ ಒಣ ಎಲೆಯ ಕೆಳಗೆ, ಮಣ್ಣಿನ ಬಿರುಕಿಗೆ ಹೋಗಿ ಕೂರುತ್ತದೆ. ನಿಮ್ಮದು ಎರೆ ಭೂಮಿ. ಎಂಟು ದಿನ ಮಳೆ ಹೋದರೆ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ, ಹುಳಕ್ಕೆ ಅದಕ್ಕಿಂತ ಒಳ್ಳೆ ಮನೆ ಬೇಕಾ? ಹಾಗಾಗಿ ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ ಐದರ ನಂತರ ಎಣಿಸಿ. ತೀರಾ ಮಂಜು ಇದ್ದರೆ ಬಟ್ಟೆ ಒದ್ದೆಯಾಗಿ ಎಲೆಯೆಲ್ಲ ಅಂಟಿಕೊಳ್ಳುತ್ತದೆ, ಸ್ವಲ್ಪ ಆರಲಿ. ಜೋರು ಮಳೆ ಬಂದ ದಿನ ಬೇಡ, ಮಾರನೇ ದಿನ ನೋಡಿ. ಎಲೆ ಜಾಸ್ತಿ ತಿಂದಿದೆ, ಬಟ್ಟೆ ಮೇಲೆ ಏನೂ ಬೀಳುತ್ತಿಲ್ಲ ಅಂದರೆ ಬುಡದ ಮಣ್ಣನ್ನು ಬೆರಳಲ್ಲಿ ಕೆದಕಿ. ಅಲ್ಲಿ ಹಸಿ ಹಿಕ್ಕೆ ಸಿಕ್ಕಿದರೆ ಹುಳ ಅಲ್ಲೇ ಎಲ್ಲೋ ಇದೆ.

ಎಣಿಸಿದ್ದನ್ನು ಬಾಯಿಲೆಕ್ಕ ಇಡಬೇಡಿ, ಚೀಟಿಯಲ್ಲಿ ಬರೆಯಿರಿ. ಬರೀ ಸರಾಸರಿ ಬರೆದರೆ ಸಾಲದು, ಒಂದೊಂದು ಜಾಗದ್ದೂ ಬರೆಯಿರಿ. ಮೂರು ಹೊಲದ ಲೆಕ್ಕ ಹೇಳುತ್ತೇನೆ, ನೋಡಿ. ಮೊದಲ ಹೊಲದ ಐದು ಜಾಗದಲ್ಲಿ 2, 0, 3, 1, 2. ಸರಾಸರಿ 1.6. ಇಲ್ಲಿ ಪಂಪಿಗೆ ನೀರು ತುಂಬುವ ಮಾತೇ ಇಲ್ಲ. ಎರಡನೇ ಹೊಲ 6, 5, 3, 7, 4. ಸರಾಸರಿ 5, ಎಲ್ಲ ಕಡೆಯೂ ಇದೆ. ಇಲ್ಲಿ ತಡ ಮಾಡಬಾರದು. ಮೂರನೇ ಹೊಲ 0, 1, 14, 0, 2. ಸರಾಸರಿ 3.4 ಬರುತ್ತದೆ. ಸರಾಸರಿ ಮಾತ್ರ ನೋಡಿದರೆ ಇಡೀ ಹೊಲಕ್ಕೆ ಹೊಡೆಯಬೇಕು ಅನ್ನಿಸುತ್ತದೆ. ನಿಜವಾಗಿ ಅಲ್ಲಿ ಆಗಿರುವುದು ಬೇರೆ. ಒಂದು ಕಡೆ ಸ್ಪೊಡಾಪ್ಟೆರಾದ ಒಂದು ಮೊಟ್ಟೆ ಗುಂಪು ಒಡೆದಿದೆ, ಉಳಿದ ಹೊಲ ಖಾಲಿ. ಆ ಜಾಗಕ್ಕೆ ಹೋಗಿ ಸುತ್ತ ಹತ್ತು ಹೆಜ್ಜೆ ನೋಡಿ, ಜಾಳಿಗೆಯಾದ ಎಲೆಗಳನ್ನು ಮರಿ ಸಮೇತ ಕಿತ್ತು ಚೀಲಕ್ಕೆ ಹಾಕಿ. ಬೇಕಾದರೆ ಅಷ್ಟಕ್ಕೇ ಹೊಡೆಯಿರಿ. ಜಾಳಿಗೆ ಎಲೆ ದೂರದಿಂದಲೇ ಬಿಳಿಚಿ ಕಾಣುತ್ತದೆ. ಅದಕ್ಕೆ ಎಣಿಕೆಗೆ ನಡೆಯುವಾಗ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವ ದಾರಿಯಲ್ಲಿ ಇಂಥ ಎಲೆ ಎಷ್ಟು ಕಂಡವು ಅಂತ ಬೇರೆಯಾಗಿ ಬರೆದುಕೊಳ್ಳಿ. ಮೀಟರ್ ಲೆಕ್ಕಕ್ಕೆ ಸೇರಿಸಬೇಡಿ.

ಲೆಕ್ಕ ಗಡಿಯ ಹತ್ತಿರ ಬಂದರೆ, ಅಂದರೆ ನಿಮಗೆ ಈಗ ಎರಡೂವರೆಯಿಂದ ಮೂರೂವರೆ ನಡುವೆ ಬಂದರೆ, ಇನ್ನಷ್ಟು ಜಾಗ ನೋಡಿ. ತೀರಾ ಕಡಿಮೆ ಇದ್ದಾಗ, ತೀರಾ ಜಾಸ್ತಿ ಇದ್ದಾಗ ಬೇಗ ಗೊತ್ತಾಗಿಬಿಡುತ್ತದೆ. ಶ್ರಮ ಬೇಕಾಗುವುದು ನಡುವೆ ಸಿಕ್ಕಿಕೊಂಡಾಗ ಮಾತ್ರ.

ಹುಳದ ಗಾತ್ರವನ್ನೂ ಎರಡು ಕಾಲಮ್‌ನಲ್ಲಿ ಬರೆಯಿರಿ. ಅರ್ಧ ಇಂಚಿಗಿಂತ ಸಣ್ಣವು ಒಂದು ಕಡೆ, ದೊಡ್ಡವು ಒಂದು ಕಡೆ. ಒಂದು ಹುಳ ಜೀವಮಾನದಲ್ಲಿ ತಿನ್ನುವ ಎಲೆಯಲ್ಲಿ ಬಹುಪಾಲು ಕೊನೆಯ ಎರಡು ಹಂತದಲ್ಲೇ ತಿನ್ನುತ್ತದೆ. ಸಣ್ಣ ಮರಿಗಳಲ್ಲಿ ಎಷ್ಟೋ ಜೇಡಕ್ಕೆ, ಕಣಜಕ್ಕೆ, ಮಳೆಗೆ ಸತ್ತೇ ಹೋಗುತ್ತವೆ. ಆದರೆ ಔಷಧಕ್ಕೆ ಬೇಗ ಸಾಯುವುದೂ ಸಣ್ಣವೇ. ಬಲಿತ ಸ್ಪೊಡಾಪ್ಟೆರಾಕ್ಕೆ ಹೊಡೆದರೆ ಅರ್ಧ ದುಡ್ಡು ನೀರಿಗೆ. ಈ ಎರಡರ ನಡುವೆ ದಾರಿ ಒಂದೇ. ದೊಡ್ಡವು ಗಡಿ ದಾಟಿದ್ದರೆ ಅಂದೇ ತೀರ್ಮಾನ ಮಾಡಿ. ಸಣ್ಣವು ಮಾತ್ರ ಜಾಸ್ತಿ ಇದ್ದರೆ ಮೂರು ದಿನ ಬಿಟ್ಟು ಅದೇ ರೀತಿ ಮತ್ತೆ ಎಣಿಸಿ. ಇಳಿದಿದ್ದರೆ ಸುಮ್ನೆ ಇರಿ, ಹಾಗೇ ಇದ್ದು ಗಾತ್ರ ಏರಿದ್ದರೆ ಹೊಡೆಯಿರಿ.

ಸತ್ತ ಹುಳವನ್ನೂ ಎಣಿಸಿ. ಇದನ್ನು ಯಾರೂ ಮಾಡುವುದಿಲ್ಲ. ಧಾರವಾಡ, ಬೆಳಗಾವಿ ಸೀಮೆಯಲ್ಲಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ನೊಮೂರಿಯಾ ಅನ್ನುವ ಶಿಲೀಂಧ್ರ ತಾನಾಗಿ ಹಬ್ಬುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ರೋಗ ಹತ್ತಿದ ಹುಳ ಗಿಡದ ಮೇಲ್ಭಾಗಕ್ಕೆ ಬಂದು ಎಲೆಗೆ ಅಂಟಿಕೊಂಡು ಸಾಯುತ್ತದೆ. ಮೊದಲು ಸುಣ್ಣ ಬಳಿದ ಹಾಗೆ ಬಿಳಿ, ಎರಡು ಮೂರು ದಿನಕ್ಕೆ ಆ ಬಿಳಿಯ ಮೇಲೆ ತಿಳಿ ಹಸಿರು ಪುಡಿ. ಬೆರಳಲ್ಲಿ ಒತ್ತಿದರೆ ಮೆತ್ತಗಿರುವುದಿಲ್ಲ, ಗಟ್ಟಿ. ನೀವು ಝಾಡಿಸಿದರೂ ಉದುರುವುದಿಲ್ಲ, ಅದಕ್ಕೇ ಬಟ್ಟೆ ನೋಡಿದ ಮೇಲೆ ಗಿಡವನ್ನೂ ನೋಡಬೇಕು. ಇಂಥವು ಅಲ್ಲಲ್ಲಿ ಕಾಣೋಕೆ ಶುರುವಾಗಿ, ಮೋಡ ಹಾಗೇ ಇದ್ದರೆ, ಲೆಕ್ಕ ಗಡಿ ಮುಟ್ಟಿದ್ದರೂ ನಾನು ಎರಡು ಮೂರು ದಿನ ತಡೆಯಿರಿ ಅನ್ನುತ್ತೇನೆ. ಅಷ್ಟರಲ್ಲಿ ಹುಳ ಕುಸಿಯುವುದು ಜಾಸ್ತಿ. ಬಿಸಿಲು ಬಿಟ್ಟು ಒಣ ಹವೆ ಶುರುವಾದರೆ ಮಾತ್ರ ಆ ಶಿಲೀಂಧ್ರದ ಮೇಲೆ ಭಾರ ಹಾಕಬೇಡಿ. ಅಂಗಡಿಯವರು ಹೇಳಿದ ಮೂರು ಔಷಧದಲ್ಲಿ ಒಂದು ಶಿಲೀಂಧ್ರನಾಶಕ ಇರಬಹುದು, ಕೇಳಿ ನೋಡಿ. ಅದು ಈ ಒಳ್ಳೆ ಶಿಲೀಂಧ್ರವನ್ನೂ ಹೊಡೆಯುತ್ತದೆ. ತುಕ್ಕು ರೋಗ ನಿಜವಾಗಿ ಬಂದಿದ್ದರೆ ಬೇರೆ ಮಾತು. ಎಲೆ ತಿರುಗಿಸಿ ಕೆಳಗಿನ ಎಲೆಗಳ ಹಿಂಬದಿ ನೋಡಿ, ಕಂದು ಗುಳ್ಳೆ ಇದೆಯಾ ಅಂತ. ಕೃಷ್ಣಾ ತೀರದ ಉಗಾರ ಖುರ್ದ ಕಡೆ ಅದರ ಕಾಟ ಹೆಸರುವಾಸಿ. ಇಲ್ಲದಿದ್ದರೆ 'ಇರಲಿ ಅಂತ' ಕೂಡಿಸಿ ಹೊಡೆಯುವುದು ಬೇಡ.

ಇನ್ನು ಎಲೆಯ ತೂತು. ನನ್ನ ಮೊಬೈಲಿಗೆ ದಿನಾ ಒಂದಲ್ಲ ಒಂದು ಎಲೆಯ ಫೋಟೊ ಬರುತ್ತದೆ. ಕೆಳಗೆ 'ಏನು ಹೊಡೀಬೇಕು ಸರ?' ಹೊಲದಲ್ಲೇ ಅತಿ ಜಾಸ್ತಿ ತಿಂದ ಎಲೆಯನ್ನು ಹುಡುಕಿ ತೆಗೆದ ಫೋಟೊ ಅದು. ಅದರಿಂದ ಏನೂ ಹೇಳೋಕೆ ಆಗೋದಿಲ್ಲ. ಎಲೆ ನೋಡಿ ಹೇಳಬೇಕು ಅಂದರೆ ಹೀಗೆ ಮಾಡಿ. ಹೆಜ್ಜೆ ಲೆಕ್ಕದಲ್ಲಿ ನಿಂತ ಹತ್ತು ಕಡೆ ಒಂದೊಂದು ಎಲೆ ಕೀಳಿ, ಕೆಲವು ಮೇಲಿನಿಂದ, ಕೆಲವು ನಡುವಿನಿಂದ, ಕೆಲವು ಕೆಳಗಿನಿಂದ. ಸೋಯಾಬೀನ್ ಎಲೆಯಲ್ಲಿ ಮೂರು ಚಿಕ್ಕೆಲೆ ಇರುತ್ತವೆ. ಒಂದೊಂದರಲ್ಲೂ ಅತಿ ಜಾಸ್ತಿ ತಿಂದದ್ದನ್ನೂ ಅತಿ ಕಡಿಮೆ ತಿಂದದ್ದನ್ನೂ ಕಿತ್ತು ಬಿಸಾಡಿ. ಉಳಿದ ಹತ್ತು ಚಿಕ್ಕೆಲೆಗಳಲ್ಲಿ ಎಷ್ಟು ಭಾಗ ಹೋಗಿದೆ ಅಂತ ಅಂದಾಜು ಮಾಡಿ ಸರಾಸರಿ ತೆಗೆಯಿರಿ. ಕಣ್ಣಂದಾಜು ಯಾವಾಗಲೂ ಜಾಸ್ತಿಯೇ ಹೇಳುತ್ತದೆ. ಮಕ್ಕಳ ಗಣಿತದ ಚೌಕಳಿ ಪುಸ್ತಕದ ಮೇಲೆ ಎಲೆ ಇಟ್ಟು, ಒಟ್ಟು ಎಷ್ಟು ಚೌಕ, ತೂತಿನಲ್ಲಿ ಎಷ್ಟು ಚೌಕ ಅಂತ ಎಣಿಸಿ ನೋಡಿ. ಜರಡಿಯಾಗಿದೆ ಅಂದುಕೊಂಡ ಎಲೆ ನೂರಕ್ಕೆ ಹತ್ತೋ ಹದಿನೈದೋ ಹೋಗಿರುತ್ತದೆ ಅಷ್ಟೇ. ಎರಡು ಮೂರು ಎಲೆ ಹೀಗೆ ಅಳೆದರೆ ಕಣ್ಣು ಹದಕ್ಕೆ ಬರುತ್ತದೆ.

ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಸೋಯಾಬೀನ್ ರೈತರಿಗೆ ಹೇಳುವ ಅಳತೆ ಹೂವಿಗೆ ಮುಂಚೆ ನೂರಕ್ಕೆ 30, ಹೂ ಬಂದ ಮೇಲೆ 20. ಅಷ್ಟು ಎಲೆ ಹೋಗುವ ತನಕ ಅವರು ಔಷಧ ಮುಟ್ಟುವುದಿಲ್ಲ. ಹುಚ್ಚು ಧೈರ್ಯ ಅಲ್ಲ ಅದು. ಒಳ್ಳೆ ಬೆಳೆಯಲ್ಲಿ ನೆಲದ ಅಳತೆಗಿಂತ ನಾಲ್ಕೈದು ಪಟ್ಟು ಎಲೆ ಇರುತ್ತದೆ. ಸುಮಾರು ಮೂರೂವರೆ ಪಟ್ಟು ಇದ್ದರೆ ಬಿಸಿಲೆಲ್ಲ ಎಲೆಗೇ ಬೀಳುತ್ತದೆ. ಅದರ ಮೇಲಿನದ್ದು ಒಂದರ ನೆರಳಲ್ಲಿ ಇನ್ನೊಂದು. ಹುಳ ಆ ಹೆಚ್ಚಿನದ್ದನ್ನು ತಿಂದರೆ ಕೆಳಗಿನ ಎಲೆಗೆ ಬಿಸಿಲು ಸಿಗುತ್ತದೆ, ಕಾಳಿಗೆ ಕಡಿಮೆಯಾಗುವುದಿಲ್ಲ. ಹೂವಿಗೆ ಮುಂಚೆ ಗಿಡ ಹೊಸ ಎಲೆಯನ್ನೂ ಬಿಡುತ್ತದೆ. ಕಾಯಿ ತುಂಬುವಾಗ ಹೊಸ ಎಲೆ ಬರುವುದಿಲ್ಲ, ಇದ್ದದ್ದರಲ್ಲೇ ಕಾಳು ತುಂಬಬೇಕು. ಗಡಿ ನಾಲ್ಕರಿಂದ ಮೂರಕ್ಕೆ ಇಳಿಯುವುದು ಅದಕ್ಕೇ. ಒಂದು ಎಚ್ಚರಿಕೆ: ನಿಮ್ಮ ಬೆಳೆ ಮಳೆ ಇಲ್ಲದೆ ಕುಳ್ಳಾಗಿ, ಸಾಲು ಇನ್ನೂ ಕೂಡಿಲ್ಲ, ನಡುವೆ ನೆಲ ಕಾಣುತ್ತಿದೆ ಅಂದರೆ ಆ ಹೆಚ್ಚಿನ ಎಲೆಯೇ ಇಲ್ಲ. ಆಗ ಗಡಿಯನ್ನು ಇನ್ನೂ ಕೆಳಗೆ ಇಟ್ಟುಕೊಳ್ಳಿ.

ಗಡಿ ಅನ್ನುವುದು ದುಡ್ಡಿನ ಲೆಕ್ಕವೂ ಹೌದು. 1959ರಲ್ಲಿ ಕ್ಯಾಲಿಫೋರ್ನಿಯಾದ ನಾಲ್ವರು ಕೀಟ ವಿಜ್ಞಾನಿಗಳು ಇದನ್ನು ಮೊದಲು ಸರಿಯಾಗಿ ಬರೆದಿಟ್ಟರು. ಹುಳ ಮಾಡುವ ನಷ್ಟ ಔಷಧದ ಖರ್ಚನ್ನು ದಾಟುವ ಮುಂಚೆ ಕೈ ಹಾಕು, ಅದಕ್ಕಿಂತ ಮೊದಲೇ ಬೇಡ. ನಿಮ್ಮ ಲೆಕ್ಕಕ್ಕೆ ಇಳಿಸೋಣ. ಔಷಧ, ಪಂಪಿನ ಬಾಡಿಗೆ, ಆಳು ಎಲ್ಲ ಸೇರಿ ಎಕರೆಗೆ 1,200 ರೂಪಾಯಿ ಅಂತ ಹಿಡಿಯಿರಿ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 5,328 ರೂಪಾಯಿ. ಅಂದರೆ ಒಂದು ಸಲ ಹೊಡೆದರೆ ಎಕರೆಗೆ ಇಪ್ಪತ್ತಮೂರು ಕೆಜಿ ಕಾಳು ಉಳಿಸಿಕೊಟ್ಟರಷ್ಟೇ ನಿಮ್ಮ ಖರ್ಚು ನಿಮಗೆ ಬಂತು. ಪೇಟೆಯಲ್ಲಿ ಅದಕ್ಕಿಂತ ಕಡಿಮೆಗೆ ಮಾರಿದರೆ ಇನ್ನೂ ಜಾಸ್ತಿ ಉಳಿಸಬೇಕು.

ಈ ಬಟ್ಟೆಗೆ ಬೀಳದ ಹುಳಗಳೂ ಇವೆ. ಕಾಂಡದ ನೊಣ ಒಳಗೇ ಇರುತ್ತದೆ, ಗಿಡ ಹೊರಗೆ ಹಸಿರಾಗೇ ಕಾಣುತ್ತದೆ. ಅಲ್ಲಲ್ಲಿ ಹತ್ತು ಗಿಡ ಕಿತ್ತು ಬ್ಲೇಡಿನಲ್ಲಿ ಕಾಂಡ ಉದ್ದಕ್ಕೆ ಸೀಳಿದರೆ ಕೆಂಪಾದ ಡೊಂಕು ಸುರಂಗ ಕಾಣುತ್ತದೆ. ಇದನ್ನು ನೋಡಬೇಕಾದ್ದು ಬಿತ್ತಿದ ಮೊದಲ ತಿಂಗಳಲ್ಲಿ. ಈಗ ಕಂಡರೆ ಮುಂದಿನ ವರ್ಷದ ಬೀಜೋಪಚಾರಕ್ಕೆ ಪಾಠ ಅಷ್ಟೇ. ಕಾಂಡಕ್ಕೋ ಎಲೆ ದಂಟಿಗೋ ಎರಡು ಉಂಗುರ ಕೊರೆದು, ಮೇಲಿನ ಭಾಗ ಬಾಡಿದ್ದರೆ ಅದು ಉಂಗುರ ದುಂಬಿ. ಕಂಡಲ್ಲಿ ಕೆಳಗಿನ ಉಂಗುರದ ಕೆಳಗೆ ಮುರಿದು ಹೊಲದ ಹೊರಗೆ ಹಾಕಿ. ಕಾಯಿ ಕೊರೆಯುವ ಹುಳಕ್ಕೆ ಮುಂದಿನ ವಾರದಿಂದ ಪ್ರತಿ ಸಲ ಐದು ಗಿಡದ ಕಾಯಿ ಬಿಡಿಸಿ ನೋಡಿ. ಒಳಗೆ ಸೇರಿದ ಮೇಲೆ ಅದಕ್ಕೆ ಔಷಧ ತಾಗುವುದಿಲ್ಲ.

ಸ್ಪೊಡಾಪ್ಟೆರಾದ ಮೋಹಕ ಬಲೆ, ಅಂದರೆ ಹೆಣ್ಣು ಚಿಟ್ಟೆಯ ವಾಸನೆ ಇಟ್ಟು ಗಂಡನ್ನು ಹಿಡಿಯುವ ಬಲೆ, ಹಾಕಿದ್ದೀರಾ ಅಂತ ಬರೆದಿಲ್ಲ. ಎರಡು ಮೂರು ಇದ್ದರೆ ಒಳ್ಳೆಯದು. ಆದರೆ ಅದು ಹೇಳುವುದು ಯಾವಾಗ ಅಂತ, ಎಷ್ಟು ಅಂತಲ್ಲ. ಬಲೆಗೆ ಗಂಡು ಚಿಟ್ಟೆ ಒಮ್ಮೆಗೇ ಜಾಸ್ತಿ ಬಿದ್ದರೆ ಒಂದು ವಾರದೊಳಗೆ ಮರಿ ನೋಡೋಕೆ ತಯಾರಾಗಿ. ಬಲೆ ನೋಡಿ ಔಷಧ ಹೊಡೆಯಬೇಡಿ.

ಈಗ ನಾಳೆಯ ಕೆಲಸ. ನೀವೂ ಮಗನೂ ಒಂದೇ ಹೊತ್ತಿಗೆ, ಒಂದೇ ಬಟ್ಟೆಯಲ್ಲಿ, ಒಂದೇ ಹೆಜ್ಜೆ ಲೆಕ್ಕದಲ್ಲಿ ಹತ್ತತ್ತು ಜಾಗ ಹಂಚಿಕೊಂಡು ಎಣಿಸಿ. ಇಬ್ಬರ ಸರಾಸರಿ ಹತ್ತಿರ ಬರುತ್ತದೆ. ದೊಡ್ಡ ಹುಳ ಮೂರರ ಒಳಗಿದ್ದರೆ ನಾಲ್ಕು ದಿನ ಬಿಟ್ಟು ಮತ್ತೆ ಎಣಿಸಿ. ಕಾಯಿ ತುಂಬುವ ತನಕ ವಾರಕ್ಕೆ ಎರಡು ಸಲ ತಪ್ಪಿಸಬೇಡಿ. ಮೂರು ದಾಟಿ, ಬಿಳಿಚಿದ ಸತ್ತ ಹುಳವೂ ಇಲ್ಲ ಅಂದರೆ ಒಂದೇ ಔಷಧ ತನ್ನಿ. ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಎಕರೆಗೆ 60 ಮಿಲಿ, ಸಾಕಷ್ಟು ನೀರಿನಲ್ಲಿ, ಸಂಜೆ ಹೊತ್ತು, ಕೆಳಗಿನ ಎಲೆಗೂ ತಾಗುವ ಹಾಗೆ. ಡಬ್ಬಿಯ ಚೀಟಿಯಲ್ಲಿ ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಇರುತ್ತದೆ, ಓದಿಸಿಕೊಳ್ಳಿ. ಹೊಡೆದ ಮಾರನೇ ದಿನ ಹುಳ ಇನ್ನೂ ಗಿಡದ ಮೇಲೆ ಕಂಡರೆ ಗಾಬರಿ ಬೇಡ. ಈ ಔಷಧಕ್ಕೆ ಹುಳ ಕೆಲವು ಗಂಟೆಗಳಲ್ಲೇ ತಿನ್ನುವುದು ನಿಲ್ಲಿಸುತ್ತದೆ, ಸಾಯುವುದು ಎರಡು ಮೂರು ದಿನಕ್ಕೆ. ನಾಲ್ಕನೇ ದಿನ ಬಟ್ಟೆ ಹಾಸಿ ನೋಡಿ, ಆಗ ಕೆಲಸ ಮಾಡಿತೋ ಇಲ್ಲವೋ ಗೊತ್ತಾಗುತ್ತದೆ. ಹುಳ ಗುರುತಿಸುವುದರಲ್ಲಿ ಅನುಮಾನ ಬಂದರೆ ನಿಮ್ಮ ತಾಲ್ಲೂಕಿನಲ್ಲೇ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಇದೆ. ಫೋಟೊ ಬದಲು ಹುಳವನ್ನೇ ಡಬ್ಬಿಯಲ್ಲಿ ಎಲೆ ಸಮೇತ ಒಯ್ಯಿರಿ.

ಕೊನೆಗೆ ಬಾಜೂ ಹೊಲದ ಮಾತು. ಔಷಧಕ್ಕೆ ಹೆದರಿ ಹುಳಗಳು ಬದು ದಾಟಿ ಓಡಿ ಬರುವುದಿಲ್ಲ. ಚಿಟ್ಟೆ ಹಾರಿ ಬರುತ್ತದೆ ನಿಜ, ಅವರು ಹೊಡೆದರೂ ಬರುತ್ತದೆ, ಬಿಟ್ಟರೂ ಬರುತ್ತದೆ. ಹುಳ ನಡೆದು ಬರುವುದು ಒಂದೇ ಸಂದರ್ಭದಲ್ಲಿ. ಅವರ ಹೊಲದಲ್ಲಿ ಎಲೆಯೆಲ್ಲ ಮುಗಿದು ಬರೀ ದಂಟು ಉಳಿದಾಗ, ಬಲಿತ ಸ್ಪೊಡಾಪ್ಟೆರಾ ಹೊಟ್ಟೆಪಾಡಿಗೆ ಗುಂಪಾಗಿ ಹೊರಡುತ್ತದೆ. ಅವರ ಹೊಲ ಆ ಸ್ಥಿತಿಯಲ್ಲಿ ಇದ್ದರೆ ಆ ಬದಿಯ ಮೊದಲ ಹತ್ತು ಸಾಲನ್ನು ದಿನಾ ಸಂಜೆ ಬೇರೆಯಾಗಿ ಎಣಿಸಿ, ಬದುಗುಂಟ ನೇಗಿಲಲ್ಲಿ ಒಂದು ಆಳದ ಸಾಲು ಹೊಡೆದಿಡಿ. ಹುಳ ಆ ಸಾಲಿಗೆ ಬಿದ್ದು ಏರಲಾಗದೆ ಸಿಗುತ್ತದೆ, ಬೆಳಿಗ್ಗೆ ಬಿಸಿಲೇರುವ ಮುಂಚೆ ಹೋಗಿ ಆರಿಸಿ ಹಾಕಿ.